ಎಂಟು ಮಿಲಿಮೀಟರಿನಲ್ಲಿ ಕಂಡ ಬಾವಿ

ಬೀದಿಯವರು ಅವಳನ್ನು ರೀಲಕ್ಕ ಎಂದು ಕರೆಯುತ್ತಿದ್ದರು. ಸುಳ್ಳು ಹೇಳುತ್ತಾಳೆ ಅಂತಲ್ಲ. ಕನ್ನಡಕದಂಗಡಿ ನಡೆಸುತ್ತಿದ್ದ ಅವಳಿಗೆ ಹಳೆಯ ಫಿಲ್ಮು ರೀಲು ಕೂಡಿಡುವ ಹುಚ್ಚು. ಸಿನಿಮಾ ಮಂದಿರದ ರೀಲುಗಳಲ್ಲ. ಉಳ್ಳವರು ಒಂದು ಕಾಲದಲ್ಲಿ ಪುಟ್ಟ ಕ್ಯಾಮರಾದಲ್ಲಿ ತಮ್ಮ ಮಕ್ಕಳನ್ನೋ ನಾಯಿಯನ್ನೋ ಹೊಸ ಕಾರನ್ನೋ ತೆಗೆದುಕೊಂಡ, ಕಿರುಬೆರಳಿಗಿಂತ ಸಪೂರವಾದ ಎಂಟು ಮಿಲಿಮೀಟರಿನ ಪಟ್ಟಿಗಳು. ಆ ಮಕ್ಕಳು ಮುದುಕರಾಗಿ ಮನೆ ಖಾಲಿ ಮಾಡುವಾಗ ಡಬ್ಬಿಗಳು ಗುಜರಿಗೆ ಬೀಳುತ್ತಿದ್ದವು. ಗುಜರಿಯವನು ಅವನ್ನು ಇವಳಿಗೆಂದು ಎತ್ತಿಡುತ್ತಿದ್ದ.

ಈ ವಿದ್ಯೆ ಅವಳಿಗೆ ಪುಸ್ತಕಗಳಿಂದ ಬಂದದ್ದು. ರೀಲು ಸಂಗ್ರಹಿಸುವವರಿಗೆಂದೇ ಬರೆದ ನಾಲ್ಕಾರು ಪುಸ್ತಕಗಳನ್ನು ಎಲ್ಲಿಂದಲೋ ತರಿಸಿಕೊಂಡು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಿಘಂಟು ಪಕ್ಕದಲ್ಲಿಟ್ಟು ಓದುತ್ತಿದ್ದಳು. ಡಬ್ಬಿ ತೆರೆದೊಡನೆ ಮೂಸಿ ನೋಡು, ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ, ಅದನ್ನು ಬೇರೆ ಇಡು. ಅಂಚಿನ ತೂತುಗಳು ಹರಿದಿದ್ದರೆ ಪ್ರೊಜೆಕ್ಟರಿಗೆ ಹಾಕಬೇಡ. ಒಂದು ಪುಸ್ತಕದ ಮಾತು ಅವಳಿಗೆ ಬಹಳ ಹಿಡಿಸಿತ್ತು: ಮೊದಲು ಜನರನ್ನು ನೋಡಬೇಡ, ಅವರ ಹಿಂದಿನ ಗೋಡೆ, ಬಾಗಿಲು ನೋಡು, ಎಲ್ಲಿ ತೆಗೆದದ್ದೆಂದು ಅವು ಹೇಳುತ್ತವೆ.

ಮನೆಯಲ್ಲಿದ್ದವರು ಮೂವರೇ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತೆ ಮೈತುಂಬಿದ ಹೆಂಗಸು, ಸೊಂಟದ ಮೂಳೆ ಮುರಿದಾಗಿನಿಂದ ಹಿಂದಿನ ಕೋಣೆಯ ಮಂಚವೇ ಗತಿ. ನಾಲಿಗೆ ಮಾತ್ರ ಮನೆಯೆಲ್ಲ ಓಡಾಡುತ್ತಿತ್ತು. "ಕೆಳಗಡೆ ಯಾರೋ ಗುಟುಗುಟು ನೀರು ಕುಡೀತಾರೆ ಕಣೇ" ಎಂದು ಮಳೆ ಬಂದಾಗಲೆಲ್ಲ ಆಕೆ ಹೇಳುತ್ತಿದ್ದಳು. ಅರಳು ಮರುಳು ಎಂದುಕೊಂಡು ಇಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಗುಜರಿಯಿಂದ ಬಂದ ತುಕ್ಕು ಹಿಡಿದ ಡಬ್ಬಿಯೊಂದನ್ನು ರೀಲಕ್ಕ ತೆರೆದಳು. ಹುಳಿ ವಾಸನೆ ಸ್ವಲ್ಪ ಇತ್ತು. ಇಂದು ಬಿಟ್ಟರೆ ಮುಂದೆ ನೋಡಲು ಆಗುವುದೋ ಇಲ್ಲವೋ ಎಂದು ಪರದೆ ಎಳೆದು ಪ್ರೊಜೆಕ್ಟರ್ ಹಚ್ಚಿದಳು.

ಗೋಡೆಯ ಮೇಲೆ ಹೆಂಗಸೊಬ್ಬಳು ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಗಂಡಸೊಬ್ಬ ರಾಟೆಯಿಂದ ನೀರು ಸೇದುತ್ತಿದ್ದ. ರೀಲಕ್ಕ ಅಭ್ಯಾಸದಂತೆ ಅವರ ಹಿಂದೆ ಕಣ್ಣು ಹಾಯಿಸಿದಳು. ಒಂದು ಬಾಗಿಲು. ಅದರ ಮೇಲೆ ಮೂರು ಗಾಜಿನ ಕಿಂಡಿ. ಬಲಗಡೆ ಮುಕ್ಕಾದ ಕಲ್ಲಿನ ಹೊಸ್ತಿಲು. ಆ ಮುಕ್ಕಿಗೆ ಅವಳು ಆ ದಿನ ಬೆಳಿಗ್ಗೆಯಷ್ಟೇ ಕಾಲು ಎಡವಿದ್ದಳು.

ಅದು ಅವಳದೇ ಅಡುಗೆಮನೆಯ ಹಿಂಬಾಗಿಲು. ಅದರಾಚೆ ಈಗ ಅಂಗಳವಿಲ್ಲ, ಅತ್ತೆಯ ಕೋಣೆಯಿದೆ. ಇವರು ಮನೆ ಕೊಂಡಾಗಲೇ ಆ ಕೋಣೆ ಇತ್ತು. ಬಾವಿ ಕಂಡ ಜಾಗದಲ್ಲಿ ಅತ್ತೆಯ ಮಂಚವಿದೆ.

ಅವಳು ಗಂಡನನ್ನು ಕೂಗಿ ಕರೆದು, ರೀಲು ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದಳು. ಬಾವಿ ಬರುವಷ್ಟರಲ್ಲಿ ಫಿಲ್ಮು ಸಿಕ್ಕಿಕೊಂಡಿತು. ಬಲ್ಬಿನ ಕಾವಿಗೆ ಚಿತ್ರದ ನಡುವೆ ಕಂದು ಗುಳ್ಳೆ ಎದ್ದು, ಹೆಂಗಸು, ಕಟ್ಟೆ, ರಾಟೆ ಎಲ್ಲವನ್ನೂ ನುಂಗಿಬಿಟ್ಟಿತು.

"ಬಾವಿ ಇತ್ತು ರೀ. ಅಮ್ಮನ ಮಂಚದ ಕೆಳಗೆ!"

"ಜನ ನಿನಗೆ ಸುಮ್ನೆ ಆ ಹೆಸರಿಟ್ಟಿಲ್ಲ. ರೀಲು ಬಿಡ್ಬೇಡ" ಎಂದು ಗಂಡ ನಕ್ಕ.

ಅವಳು ಅಂಗಡಿಯ ಸಣ್ಣ ಸುತ್ತಿಗೆ ತಂದು ಅಡುಗೆಮನೆಯ ನೆಲ ಕುಟ್ಟಿದಳು. ಗಟ್ಟಿ ಸದ್ದು. ಅತ್ತೆಯ ಕೋಣೆಗೆ ಹೋಗಿ, ಬಗ್ಗಿ ಮಂಚದ ಬದಿಯ ನೆಲ ಕುಟ್ಟಿದಳು. ಖಾಲಿ ಡ್ರಮ್ಮು ಬಡಿದ ಹಾಗೆ ಕೇಳಿಸಿತು. ಗಂಡನ ನಗು ಅಲ್ಲಿಗೇ ನಿಂತಿತು.

"ಅತ್ತೆ, ಇವತ್ತೊಂದಿನ ಮುಂದಿನ ಕೋಣೇಲಿ ಮಲಗಿ."

"ಯಾಕೆ? ನನ್ನನ್ನ ಇಲ್ಲಿಂದ ಎಬ್ಬಿಸಿ ಆ ಡಬ್ಬಿಗಳನ್ನ ತುಂಬ್ಕೊಳ್ಳೋಕಾ? ನನ್ನ ಹೆಣ ಈ ಕೋಣೆಯಿಂದಾನೇ ಹೋಗ್ಲಿ."

ಗಂಡ ಹೆಂಡತಿ ಪಕ್ಕದ ಬೀದಿಯ ಗಾರೆ ಕೆಲಸದವನನ್ನು ಕರೆತಂದರು. ಅವನು ಬಾಗಿಲ ಬಳಿಯೇ ಕೂತು ಮಂಚದತ್ತ ಒಂದು ಹಾಸುಗಲ್ಲಿನ ಸಂದಿಗೆ ಕಬ್ಬಿಣದ ಸರಳು ತೂರಿಸಿದ. ಸರಳು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಕೈ ತಪ್ಪಿತು. ಒಂದು ಕ್ಷಣ ಏನೂ ಕೇಳಲಿಲ್ಲ. ಆಮೇಲೆ ಎಲ್ಲೋ ಪಾತಾಳದಲ್ಲಿ ನೀರಿಗೆ ಏನೋ ಬಿದ್ದ ಸದ್ದು.

"ಅಜ್ಜಿ, ಅಲ್ಲಾಡ್ಬೇಡಿ. ಬಾವಿ ಮೇಲೆ ಮರದ ತೊಲೆ ಹಾಕಿ ಕಲ್ಲು ಹಾಸಿದಾರೆ. ತೊಲೆ ಪೂರಾ ಕೊಳೆತು ಲೊಡ್ಡಾಗಿದೆ" ಎಂದ ಅವನು.

ಅತ್ತೆ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದುಕೊಂಡಳು. ಕಣ್ಣು ಸೊಸೆಯ ಮೇಲೆ ನೆಟ್ಟಿತ್ತು.

ಗಂಡ ಒಳಗೆ ಕಾಲಿಡಲು ಹೋದಾಗ ಗಾರೆಯವನು ತಡೆದ. ಇಬ್ಬರ ಭಾರ ಆ ನೆಲ ತಾಳದು. ಹಗುರ ಇದ್ದವರು ಹೋಗಬೇಕು. ಹಗುರ ಇದ್ದವಳು ರೀಲಕ್ಕ. ಹೊಸ್ತಿಲಿನಿಂದ ಮಂಚದವರೆಗೆ ಉದ್ದದ ಹಲಗೆ ಹಾಸಿದರು. ಅವಳ ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಗಂಡ ಹಿಡಿದುಕೊಂಡ. ಅವಳು ಹೊಟ್ಟೆಯ ಮೇಲೆ ತೆವಳಿದಳು. ಹಲಗೆಯ ಕೆಳಗೆ ಮರಳು ಉದುರುವ ಸದ್ದು. ಸಂದಿಯಿಂದ ತಣ್ಣನೆಯ ಕೊಳೆತ ಗಾಳಿ ಮುಖಕ್ಕೆ ಹೊಡೆಯಿತು.

"ಅತ್ತೆ, ಕಂಬಳಿ ಸಮೇತ ನನ್ನ ಕಡೆ ಜಾರಿ. ಮೆಲ್ಲಗೆ."

"ನನ್ನನ್ನ ಬಿಟ್ಟು ಹೋಗೇ" ಎಂದಳು ಅತ್ತೆ. "ನೀನು ಬದುಕಿ ಬಾಳ್ಬೇಕಾದವಳು."

"ಈಗ ವಾದ ಬೇಡ. ಆಮೇಲೆ ಎಷ್ಟು ಬೇಕಾದ್ರೂ ಬೈಯ್ರಿ."

ಅತ್ತೆ ಜಾರಿದಳು. ಸೊಂಟದ ನೋವಿಗೆ ಹಲ್ಲು ಕಚ್ಚಿದ್ದು ಕಾಣಿಸಿತು. ಅವಳ ಭಾರಕ್ಕೆ ಹಲಗೆ ಕಿರುಗುಟ್ಟಿತು. ರೀಲಕ್ಕ ಕಂಬಳಿಯ ತುದಿ ಹಿಡಿದು ಹಿಂದಕ್ಕೆ ತೆವಳುತ್ತ ಎಳೆದಳು. ಕೈಗೆ ಸಿಕ್ಕೊಡನೆ ಗಂಡಸರಿಬ್ಬರೂ ಸೇರಿ ಜಗ್ಗಿದರು. ಅತ್ತೆಯ ಪಾದ ಹೊಸ್ತಿಲು ದಾಟಿದ್ದೇ ತಡ, ಮಂಚದ ಒಂದು ಕಾಲು ನೆಲದೊಳಗೆ ಇಳಿಯಿತು. ಮಂಚ ಓರೆಯಾಯಿತು. ನೋಡುತ್ತಿದ್ದ ಹಾಗೆ ಕಲ್ಲು, ತೊಲೆ, ಹಾಸಿಗೆ, ದಿಂಬು ಎಲ್ಲವೂ ಒಟ್ಟಿಗೆ ಕುಸಿದು ಹೋದವು. ದೂಳು ಇಳಿದ ಮೇಲೆ ಅಲ್ಲಿ ಬರೀ ಕಪ್ಪು ದುಂಡನೆಯ ಬಾಯಿ ಇತ್ತು.

ಬಾವಿಯನ್ನು ಕಲ್ಲು ಮಣ್ಣಿನಿಂದ ತುಂಬಿಸಿದರು. ಭಯ ಮಾತ್ರ ಮುಚ್ಚಿ ಹೋಗಲಿಲ್ಲ. ರೀಲಕ್ಕ ಬಹಳ ಕಾಲ ಯಾರ ಮನೆಗೆ ಹೋದರೂ ಹಿಮ್ಮಡಿಯಿಂದ ನೆಲ ತಟ್ಟಿ ನೋಡಿಯೇ ಕೂರುತ್ತಿದ್ದಳು. ಅಲ್ಮೇರಾದ ರೀಲುಗಳನ್ನು ಮುಟ್ಟಲಿಲ್ಲ. ಇನ್ನೂ ಯಾವ ಡಬ್ಬಿಯಲ್ಲಿ ಏನಿದೆಯೋ ಎಂಬ ಅಳುಕು. ಪುಸ್ತಕಗಳ ಮೇಲೆ ದೂಳು ಕೂತಿತು.

ಕೊನೆಗೆ ಒತ್ತಾಯ ಮಾಡಿದ್ದು ಅತ್ತೆಯೇ. ಮುಂದಿನ ಕೋಣೆಗೆ ಬಂದ ಮೇಲೆ ಆಕೆಗೆ ಹೊತ್ತು ಹೋಗುತ್ತಿರಲಿಲ್ಲ.

"ಏನಾದ್ರೂ ತೋರಿಸೇ. ಪ್ರಾಣ ಉಳಿಸಿದ್ದನ್ನ ಬೀಗ ಹಾಕಿಟ್ರೆ ಹೇಗೆ?"

ರೀಲಕ್ಕ ಒಂದು ರೀಲು ಏರಿಸಿದಳು. ಯಾವುದೋ ಮನೆಯ ನಾಯಿ ಗೋಡೆಯ ಮೇಲೆ ಚೆಂಡಿನ ಹಿಂದೆ ಓಡಿತು. ಅತ್ತೆ ನಕ್ಕಳು. ರೀಲಕ್ಕನಿಗೆ ನಗು ಬರಲಿಲ್ಲ; ಅವಳು ನಾಯಿಯ ಹಿಂದಿನ ಗೋಡೆಯನ್ನೇ ನೋಡುತ್ತಿದ್ದಳು. ಗುರುತಿಲ್ಲದ ಗೋಡೆ ಎಂದು ಖಾತ್ರಿಯಾದ ಮೇಲಷ್ಟೇ ಅತ್ತೆಯ ಪಕ್ಕ ಕುಳಿತಳು.