ಮೂರು ಛತ್ರದ ಮಹದೇವು

ಮಹದೇವು ಸತ್ತ. ಹೋದ ಭಾನುವಾರ ಬೆಳಿಗ್ಗೆ, ಕೆರಗೋಡಿನ ತನ್ನ ಮನೆಯ ಜಗಲಿಯ ಮೇಲೆ, ಕೂತಲ್ಲೇ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ವಯಸ್ಸು ಐವತ್ತೇಳು. ಕಸುಬು ನಾಗಸ್ವರ. ಒಬ್ಬಳೇ ಮಗಳು ಅರುಂಧತಿಯ ಮದುವೆಗೆ ದಿನ ಗೊತ್ತಾಗಿ ಕಾರ್ಡು ಹಂಚುವುದೂ ಮುಗಿದಿತ್ತು. ಅದೀಗ ಮುಂದಕ್ಕೆ ಹೋಗಿದೆ.

ಮಣ್ಣಿಗೆ ತಮಟೆಯವರನ್ನು ಕರೆಸಿದ್ದೆವು. ಅವರು ತಡವಾಗಿ ಬಂದರು. ಬೆಳಿಗ್ಗೆಯೇ ಮಂಡ್ಯದಲ್ಲಿ ಒಂದು ಹೆಣ ಮುಗಿಸಿ ಬಂದವರು, ನಮ್ಮದನ್ನು ಅರ್ಧ ದಾರಿ ತಲುಪಿಸಿ, ಪಕ್ಕದ ಊರಿಗೆ ಯಾರೋ ಮುಖಂಡರು ಬರುತ್ತಾರೆ, ಸ್ವಾಗತಕ್ಕೆ ಬಾರಿಸಬೇಕು ಎಂದು ಹೊರಟು ನಿಂತರು. ನೆಂಟರಲ್ಲೊಬ್ಬ ರೇಗಿದ. ಮಹದೇವುವಿನ ಹೆಂಡತಿ ಪಟ್ಟಲಮ್ಮ ಅಳು ನಿಲ್ಲಿಸಿ, "ಓಗ್ಲಿ ಬುಡಿ ಅತ್ಲಾಗೆ. ಈವಯ್ಯ ಎದ್ದಿದ್ರೆ ಅವ್ರಿಗಿಂತ ಮುಂಚೆ ಓಗಿರೋನು" ಎಂದಳು.

ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಓದುತ್ತಲೇ ಉಳಿದು ಮೇಷ್ಟ್ರಾದೆ. ಅವನು ಅಪ್ಪ ಮುದ್ದಯ್ಯನ ನಾಗಸ್ವರ ಹಿಡಿದ. ಮುದ್ದಯ್ಯ ಹಳೆಯ ಕಾಲದವನು. ಒಂದು ಮದುವೆಗೆ ಹೋದರೆ ಚಪ್ಪರ ಕಟ್ಟುವಾಗ ಹೋಗಿ, ಚಪ್ಪರ ಬಿಚ್ಚುವಾಗ ಬರುತ್ತಿದ್ದ. ಒಂದು ಮೋಹನ ರಾಗವನ್ನು ಹಿಡಿದು ಕೂತರೆ ಅಡುಗೆಯವರು ಅನ್ನ ಬಸಿಯುವುದನ್ನು ಮರೆಯುತ್ತಿದ್ದರಂತೆ. ಮಗನೂ ಆ ರಾಗ ಕಲಿತಿದ್ದ. ಆದರೆ ಅದರ ತಲೆಯನ್ನು ಮಂಡ್ಯದಲ್ಲಿ ನುಡಿಸಿ, ನಡುವನ್ನು ಮದ್ದೂರಿನಲ್ಲಿ ನುಡಿಸಿ, ಬಾಲವನ್ನು ಮಳವಳ್ಳಿಗೆ ಮುಟ್ಟಿಸುತ್ತಿದ್ದ. ಪೂರ್ತಿ ರಾಗ ಕೇಳಬೇಕಾದವರು ಅವನ ಬೈಕಿನ ಹಿಂದೆ ಇನ್ನೊಂದು ಬೈಕಿನಲ್ಲಿ ಹೋಗಬೇಕಿತ್ತು.

ನಮ್ಮ ಕಡೆ ಮದುವೆ ಮಾಡುವವರಿಗೆಲ್ಲ ಒಂದೇ ದಿನ ಬೇಕು. ಒಳ್ಳೆಯ ಮುಹೂರ್ತ ಎಂದು ಪಂಚಾಂಗದವರು ಹೇಳಿದರೆ ಮೂರು ತಾಲ್ಲೂಕಿನ ಛತ್ರಗಳೂ ಅಂದೇ ತುಂಬುತ್ತವೆ. ಲಗ್ನ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ. ಬೆಳಗಿನದು ಮಂಡ್ಯ, ಆಮೇಲಿನದು ಮದ್ದೂರು, ಹೊತ್ತು ನೆತ್ತಿಗೆ ಬರುವ ಅಭಿಜಿನ್ ಲಗ್ನ ಮಳವಳ್ಳಿ. ಮಹದೇವು ಇದನ್ನು ದೇವರೇ ತನಗಾಗಿ ಮಾಡಿದ ಏರ್ಪಾಡು ಎಂದು ತಿಳಿದಿದ್ದ. ಪ್ರತಿ ಛತ್ರದಲ್ಲೂ ಒಬ್ಬ ಡೋಲಿನವನನ್ನೂ ಒಂದು ಶ್ರುತಿಪೆಟ್ಟಿಗೆಯನ್ನೂ ಮುಂಚೆಯೇ ಕೂರಿಸುತ್ತಿದ್ದ. ಅವರು ಕುಟ್ಟುತ್ತಿರುತ್ತಿದ್ದರು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಇವನು ಹೆಲ್ಮೆಟ್ಟು ತೆಗೆದು, ಹಣೆಗೆ ಗಂಧ ಇಟ್ಟುಕೊಂಡು, ಬಾಗಿಲಿನಿಂದಲೇ ಊದುತ್ತ ಒಳಗೆ ಬರುತ್ತಿದ್ದ. ಪುರೋಹಿತರು ಕೈ ಎತ್ತಿದ ಕೂಡಲೇ ಗಟ್ಟಿಮೇಳ. ಅಂದರೆ ಡೋಲು, ನಾಗಸ್ವರ ಎರಡೂ ಜೋರಾಗಿ, ಒಂದೇ ಸಮನೆ. ಆ ಗದ್ದಲದಲ್ಲಿ ಅಕ್ಷತೆ ಬೀಳುತ್ತದೆ, ತಾಳಿ ಕಟ್ಟುತ್ತಾರೆ. ಅಕ್ಷತೆ ನೆಲ ಮುಟ್ಟುವಷ್ಟರಲ್ಲಿ ಮಹದೇವು ಮತ್ತೆ ಹೆಲ್ಮೆಟ್ಟಿನೊಳಗೆ ಇರುತ್ತಿದ್ದ.

"ಮದ್ವೆ ಅಂದ್ರೇನ್ಲಾ? ಗಟ್ಟಿಮೇಳ ಕಣ್ಲಾ. ಮಿಕ್ಕಿದ್ದೆಲ್ಲ ಅಡ್ಗೆಯೋರ್ದು" ಎನ್ನುತ್ತಿದ್ದ.

ಅವನೊಬ್ಬನನ್ನೇ ಹಾಸ್ಯ ಮಾಡುವುದು ನ್ಯಾಯವಲ್ಲ. ಪುರೋಹಿತರಿಗೂ ಅಂದು ಮೂರು ಮದುವೆ. ಫೋಟೋದವನಿಗೆ ನಾಲ್ಕು. ಊಟಕ್ಕೆ ಬರುವ ದೊಡ್ಡ ಮನುಷ್ಯರು ಕವರು ಕೊಟ್ಟು, ಕೈಮುಗಿದು, ಇನ್ನೊಂದು ಛತ್ರದ ಊಟಕ್ಕೆ ಓಡುತ್ತಾರೆ. ನಮ್ಮ ಜಿಲ್ಲೆಯ ಮದುವೆಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಜರಿರುವವರು ಗಂಡು ಮತ್ತು ಹೆಣ್ಣು ಇಬ್ಬರೇ. ಅವರಿಗೆ ಬೇರೆ ದಾರಿಯಿಲ್ಲ.

ಹೀಗೆ ಓಡುವವನು ಒಂದು ದಿನ ಎಡವಲೇಬೇಕಿತ್ತು. ಹೋದ ವರ್ಷ ಮದ್ದೂರಿನಲ್ಲಿ ಎಡವಿದ. ಪುರೋಹಿತರು ಪಾರ್ಥಸಾರಥಿಗಳು. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿದ್ದರು. ಲಗ್ನಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ಮಹದೇವು ಮಂಟಪದ ಪಕ್ಕ ನಿಂತಿದ್ದ, ಮನಸ್ಸು ಮಳವಳ್ಳಿಯಲ್ಲಿತ್ತು. ಪಾರ್ಥಸಾರಥಿಗಳು, ಫ್ಯಾನಿನ ಗಾಳಿ ದೀಪ ಆರಿಸುತ್ತದೆ, ನಿಲ್ಲಿಸಿ ಎನ್ನಲು ಕೈ ಎತ್ತಿದರು. ಮಹದೇವು ಗಟ್ಟಿಮೇಳ ಊದಿಯೇಬಿಟ್ಟ. ಡೋಲು ಬಾರಿಸುತ್ತಿದ್ದ ಚಿಕ್ಕಣ್ಣ ಕಣ್ಣು ಮುಚ್ಚಿ ಬಡಿದ. ಗಟ್ಟಿಮೇಳ ಕೇಳಿದ ಮೇಲೆ ನಮ್ಮ ಜನ ಯೋಚನೆ ಮಾಡುವುದಿಲ್ಲ. ನಾನೂರು ಜನ ಎದ್ದು ನಿಂತು ಅಕ್ಷತೆ ಎಸೆದರು. ಅಂತರಪಟ ಹಿಡಿದವರು ಹೆದರಿ ಬಿಟ್ಟರು. ಹುಡುಗ ಗಾಬರಿಯಿಂದ ತಾಳಿ ತೆಗೆದುಕೊಂಡು ಎರಡು ಗಂಟು ಹಾಕಿದ. ಮೂರನೆಯ ಗಂಟು ಹಾಕಬೇಕಿದ್ದ ಅವನ ಅಕ್ಕ ಇನ್ನೂ ಮಹಡಿಯಲ್ಲಿ ಸೀರೆ ಉಡುತ್ತಿದ್ದಳು. ಹುಡುಗಿಯ ತಾಯಿ ಅಡುಗೆ ಮನೆಯಿಂದ ಓಡಿ ಬರುವಷ್ಟರಲ್ಲಿ ಮಗಳು ಮುತ್ತೈದೆಯಾಗಿದ್ದಳು.

"ಅಯ್ಯಾ ಮಹದೇವೂ, ಲಗ್ನ ಇನ್ನೂ ಬಂದಿಲ್ಲ ಕಣಯ್ಯಾ!" ಎಂದು ಪಾರ್ಥಸಾರಥಿಗಳು ಕಿರುಚಿದರು.

"ನೀವೇ ಕೈ ಎತ್ತುದ್ರಿ ಸೋಮಿ."

"ಫ್ಯಾನಿಗೆ ಎತ್ತಿದೆನಯ್ಯಾ!"

ಹುಡುಗಿಯ ಕಡೆಯವರು ಕೋಲು ಹುಡುಕಲು ಹೋದರು. ಆಗ ಪಾರ್ಥಸಾರಥಿಗಳು ತಮ್ಮ ಗಡಿಯಾರ ನೋಡಿಕೊಂಡರು. ಅವರಿಗೂ ಮಳವಳ್ಳಿಯಲ್ಲಿ ಮದುವೆಯಿತ್ತು. ಮುಖ ಶಾಂತವಾಯಿತು. ಗಟ್ಟಿಮೇಳ ಆದ ಗಳಿಗೆಯೇ ಶುಭಗಳಿಗೆ, ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆ ಎಂದು ಮೈಕಿನಲ್ಲಿ ಹೇಳಿದರು. ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ. ಹೊತ್ತಿಗೆ ಮುಂಚೆ ಊಟ ಸಿಕ್ಕಿದ್ದಕ್ಕೆ ಜನರೂ ಸುಮ್ಮನಾದರು. ಅಂದು ಪುರೋಹಿತರೂ ವಾಲಗದವನೂ ಒಂದೇ ಕಾರಿನಲ್ಲಿ ಮಳವಳ್ಳಿಗೆ ಹೋದರು.

ಈ ಕಥೆಯನ್ನು ಅವನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅರುಂಧತಿ ನಗಲಿಲ್ಲ. ಅವಳು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹೆದ್ದಾರಿಯಲ್ಲಿ ಅಪ್ಪನ ಬೈಕು ಅವಳ ಬಸ್ಸನ್ನು ಹಿಂದೆ ಹಾಕಿ ಹೋಗುವುದು ಮಾಮೂಲು. "ನಮ್ಮಪ್ಪನ ಮಖ ನೋಡ್ಬೇಕು ಅಂದ್ರೆ ಕಿಟಕಿ ಕಡೆ ಸೀಟು ಇಡೀಬೇಕು ಮೇಷ್ಟ್ರೇ" ಎಂದು ನನ್ನ ಹತ್ತಿರ ಹೇಳಿದ್ದಳು.

ಅವಳ ನಿಶ್ಚಿತಾರ್ಥದ ದಿನವೂ ಅವನು ಎರಡು ಕಡೆ ಒಪ್ಪಿಕೊಂಡಿದ್ದ. ಹೊತ್ತಿಗೆ ಬರಲಿಲ್ಲ. ಕಾದು ಕಾದು ತಾಂಬೂಲವನ್ನು ಅವಳ ಸೋದರಮಾವ ಸಿದ್ದೇಶನೇ ಬದಲಾಯಿಸಿಕೊಂಡ. ಆಮೇಲೆ ಬಂದ ಮಹದೇವು, ಪಂಚೆ, ಜರಿ ಶಲ್ಯ, ಹಣೆಗೆ ಗಂಧ, ಹೆಗಲಲ್ಲಿ ಬಟ್ಟೆ ಸುತ್ತಿದ ನಾಗಸ್ವರ. ಬಾಗಿಲಲ್ಲಿ ನಿಂತಿದ್ದ ಗಂಡಿನ ಕಡೆಯ ಹಿರಿಯರಿಗೆ ಬೀಗನ ಗುರುತು ಸಿಗಲಿಲ್ಲ.

"ವಾಲಗದೋರು ಆ ಕಡೆ ಕೂತ್ಕಳ್ಳಿ" ಎಂದು ಚಪ್ಪಲಿ ಬಿಡುವ ಮೂಲೆಯ ಚಾಪೆ ತೋರಿಸಿದರು.

ಮಹದೇವು ಹೋಗಿ ಕೂತ. ಅದು ಸಿಟ್ಟಲ್ಲ, ಅಭ್ಯಾಸ. ಮೂವತ್ತು ವರ್ಷದಿಂದ ಯಾರಾದರೂ ಆ ಕಡೆ ಎಂದರೆ ಅವನ ಕಾಲು ಆ ಕಡೆ ಹೋಗುತ್ತಿತ್ತು. ಬಟ್ಟೆ ಬಿಚ್ಚಿ, ನಾಗಸ್ವರದ ಪೀಪಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಳ್ಳುತ್ತಿದ್ದಾಗ ಮಗಳು ಹಸೆಮಣೆಯಿಂದ ನೋಡಿದಳು. ತಾಂಬೂಲದ ತಟ್ಟೆ ಕೈಯಲ್ಲಿ ಹಿಡಿದೇ ಎದ್ದು ಬಂದು, "ಅಪ್ಪ, ಏಳು" ಎಂದಳು.

ಅಂದು ಸಂಜೆ ಅವಳು ಕೇಳಿದ್ದು ಒಂದೇ. "ಮದ್ವೆಗೆ ನೀನು ಬರೀ ಅಪ್ಪ ಆಗಿರ್ಬೇಕು. ಚಪ್ರದ ದಿನದಿಂದ ನನ್ನ ಕಳಿಸ್ಕೊಡೋ ಗಂಟ. ಬೇರೆ ಯಾರ ಮನೆ ಗಟ್ಟಿಮೇಳಾನೂ ಬ್ಯಾಡ. ಆಯ್ತಾ?"

"ಆಯ್ತು ಕಣವ್ವ" ಎಂದ.

ಮಹದೇವುವಿನ ಬಾಯಲ್ಲಿ ಆಯ್ತು ಎಂಬುದಕ್ಕೆ ತೂಕವೇ ಇರಲಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದ. ಮಳವಳ್ಳಿಯ ಮರಿಸಿದ್ದಯ್ಯ ಎಂಬವರು ಫೋನು ಮಾಡಿ, ಮಗನ ಮದುವೆಗೆ ನೀನೇ ಬರಬೇಕು ಎಂದರು. ಅದೇ ದಿನ, ಅಭಿಜಿನ್ ಲಗ್ನ. ಆಯ್ತು ಸೋಮಿ ಎಂದ. ಮಗಳದು ಮಂಡ್ಯದಲ್ಲಿ ಬೆಳಗಿನ ಲಗ್ನವಾದ್ದರಿಂದ ಅವನ ಲೆಕ್ಕದಲ್ಲಿ ಇದು ಆರಾಮದ ದಿನ.

"ನಾಚಿಕೆ ಆಗಲ್ವೇನೋ?" ಎಂದೆ ನಾನು.

"ಧಾರೆ ಎರ್ದು, ಅಕ್ಷತೆ ಆಕ್ಬುಟ್ಟು ಓಯ್ತೀನಿ. ಉಂಡೇಳೋವಷ್ಟ್ರಲ್ಲಿ ವಾಪಸ್ ಬತ್ತೀನಿ. ಯಾರ್ಗೂ ಗೊತ್ತಾಗಕಿಲ್ಲ."

"ಇಲ್ಲ ಅಂದರೆ ಏನಾಗುತ್ತೆ? ಬೇರೆಯವರು ನುಡಿಸುತ್ತಾರೆ."

"ಅದೇ ಕಣ್ಲಾ ಮೇಷ್ಟ್ರೇ. ಒಂದ್ಸಲ ಇಲ್ಲ ಅಂದ್ರೆ ನಾನಿಲ್ದೇನೂ ಮದ್ವೆ ಆಯ್ತದೆ ಅಂತ ಅವ್ರಿಗೆ ಗೊತ್ತಾಗೋಯ್ತದೆ. ಆಮೇಕೆ ಯಾವ್ ನನ್ ಮಗ ಕರ್ದಾನು? ನಿಂಗೆ ಸಂಬ್ಳ ಬತ್ತದೆ, ನೀನು ಇಲ್ಲ ಅನ್ನು. ಆಗ್ಲೇ ರೆಕಾರ್ಡು ಪೆಟ್ಗೆಲಿ ಗಟ್ಟಿಮೇಳ ಆಕೋ ಛತ್ರ ಅವೆ."

ಮೂರು ಛತ್ರದ ಮಹದೇವು ಎಂದು ತಾನೇ ಕಾರ್ಡು ಹಾಕಿಸಿದ್ದ. ಅವನಿಗೆ ಊದುವ ಆಸೆ ಎಂದೋ ಮುಗಿದಿತ್ತು. ಬೇಡ ಎನಿಸಿಕೊಳ್ಳುವ ಭಯ ಮಾತ್ರ ಬೈಕು ಓಡಿಸುತ್ತಿತ್ತು.

ಗುಟ್ಟು ಒಡೆದದ್ದು ಪಾರ್ಥಸಾರಥಿಗಳಿಂದ. ಅರುಂಧತಿಯ ಮದುವೆಗೂ ಅವರೇ, ಮರಿಸಿದ್ದಯ್ಯನ ಮನೆಗೂ ಅವರೇ. ಹೋದ ಶನಿವಾರ ಸಾಮಾನು ಏನೇನು ಬೇಕು ಎಂದು ಹೇಳಲು ಕೆರಗೋಡಿಗೆ ಬಂದಿದ್ದರು, ನಾನೂ ಅಲ್ಲಿದ್ದೆ. ಕಾಫಿ ಕುಡಿದು ಏಳುವಾಗ, "ನೋಡಮ್ಮ, ಅವತ್ತು ಶಾಸ್ತ್ರ ಬೇಗ ಬೇಗ ಮುಗಿಸೋಣ. ನಿಮ್ಮಪ್ಪನೂ ನನ್ನ ಕಾರಲ್ಲೇ ಮಳವಳ್ಳಿಗೆ ಬರ್ತಾರೆ" ಎಂದರು. ಹೇಳಬೇಡಿ ಎಂದು ಮಹದೇವು ಕಣ್ಣು ಮಿಟುಕಿಸಿದ್ದು ಅವರಿಗೆ ಕಾಣಲಿಲ್ಲ. ನನಗೆ ಕಂಡಿತು, ಮಗಳಿಗೂ ಕಂಡಿತು.

ಅವಳು ಪುರೋಹಿತರನ್ನು ಕಾರಿನ ತನಕ ಕಳಿಸಿ ಬಂದಳು. ಆಮೇಲೆ ಒಳಗೆ ಹೋಗಿ ಒಂದು ತಟ್ಟೆ ತಂದಳು. ಎರಡು ವೀಳ್ಯದೆಲೆ, ಅಡಕೆ, ಮೇಲೊಂದು ರೂಪಾಯಿ. ವಾಲಗದವರನ್ನು ಗೊತ್ತು ಮಾಡುವುದು ಹೀಗೆ. ಆ ವೀಳ್ಯ ಎತ್ತಿಕೊಂಡರೆ ಒಪ್ಪಿದಂತೆ, ಆಮೇಲೆ ಬೇರೆ ಮಾತಿಲ್ಲ. ತಟ್ಟೆಯನ್ನು ಅಪ್ಪನ ಮುಂದಿಟ್ಟಳು.

"ನೀನು ವಾಲಗದೋನಾಗೇ ಬಾ. ಧಾರೆ ಮಾವ ಎರೀತಾನೆ. ಗಟ್ಟಿಮೇಳ ಊದ್ಬುಟ್ಟು ಓಗು. ಯಾರೂ ಏನೂ ಅನ್ನಕಿಲ್ಲ. ತಗೋ."

ಪಟ್ಟಲಮ್ಮ, "ಲೇ, ಎತ್ತಪ್ಪನಿಗೆ ಇಂಗೆ ಮಾಡಾರಾ?" ಎಂದಳು. ಆದರೆ ತಟ್ಟೆ ತೆಗೆಯಲಿಲ್ಲ.

ಮಹದೇವು ನಗಲು ನೋಡಿದ. ನಂತರ ನನ್ನ ಕಡೆ ನೋಡಿದ. ನಾನು ಹೊರಗೆ ನೋಡಿದೆ. ಜೀವಮಾನದಲ್ಲಿ ಯಾರು ಚಾಚಿದ ವೀಳ್ಯವನ್ನೂ ಬಿಡದ ಕೈ, ಆ ತಟ್ಟೆಯ ಹತ್ತಿರ ಹೋಗಿ ನಿಂತಿತು. ಎತ್ತಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವನು ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದ. ಎಡ ತೋಳು ನೀವಿಕೊಳ್ಳುತ್ತಿದ್ದ. ಬೈಕು ಓಡಿಸಿ ಓಡಿಸಿ ಹಿಡಿದುಕೊಂಡಿದೆ ಎಂದ. ನಾನೂ ಹಾಗೇ ಅಂದುಕೊಂಡೆ.

"ಕೂತ್ಕೊ. ನೀನಿದ್ರೆ ಧೈರ್ಯ" ಎಂದು ಮರಿಸಿದ್ದಯ್ಯನವರಿಗೆ ಫೋನು ಹಚ್ಚಿದ. ಸ್ಪೀಕರು ಹಾಕಿದ್ದ. ಮೊದಲು ಮಳೆಯ ಮಾತಾಡಿದ, ಆಮೇಲೆ ಕಬ್ಬಿನದು, ಆಮೇಲೆ ಅವರ ಮಂಡಿನೋವಿನದು. ನಾನು ಮೊಣಕೈಯಿಂದ ತಿವಿದೆ.

"ಸೋಮಿ, ಅವತ್ತು ಬರಕಾಗಕಿಲ್ಲ."

"ಯಾಕಯ್ಯ? ಕಾರು ಕಳಿಸ್ಬೇಕಾ?"

"ಕಾರಲ್ಲ ಸೋಮಿ. ನನ್ ಮಗಳ ಮದ್ವೆ."

"ಓ! ಸಂತೋಸ ಕಣಪ್ಪ. ಎಷ್ಟೊತ್ಗೆ ಮುಗೀತದೆ?"

ಮಹದೇವು ನನ್ನ ಮುಖ ನೋಡಿದ. ಈ ಪ್ರಶ್ನೆ ಬೇರೆಯವರ ಬಾಯಲ್ಲಿ ಹೇಗೆ ಕೇಳುತ್ತದೆ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

"ನಾನು ಕೊನೇ ಗಂಟ ಇರ್ಬೇಕು ಸೋಮಿ. ಬರಾಕಿಲ್ಲ. ಇಲ್ಲ."

"ಆಗ್ಲಿ ಬುಡು, ಅದಕ್ಯಾಕೆ ಇಷ್ಟೊಂದು? ಬೇರೆ ಯಾರಾರ ಸಿಕ್ತಾರೆ" ಎಂದು ಮರಿಸಿದ್ದಯ್ಯ ಫೋನಿಟ್ಟರು.

ಮೂವತ್ತು ವರ್ಷ ಹೆದರಿಕೊಂಡಿದ್ದ ಮಾತು ಅಷ್ಟೇ ಹೊತ್ತಿನಲ್ಲಿ ಮುಗಿಯಿತು. ಅವನು ಫೋನನ್ನು ಜಗಲಿಯ ಮೇಲಿಟ್ಟ. "ಎಷ್ಟ್ ಸಲೀಸಾಗಿ ಅಂದ್ಬುಟ್ಟ ನೋಡ್ಲಾ, ಬಡ್ಡಿಮಗ" ಎಂದ. ಬೇಸರ ಇತ್ತು, ಆದರೆ ನಗುತ್ತಿದ್ದ. ನಂತರ ಒಳಗೆ ತಿರುಗಿ, "ಅರುಂಧತೀ" ಎಂದು ಕೂಗಿದ.

ಒಳಗೆ ಅವಳು ಚಟ್ನಿಗೆ ಮಿಕ್ಸಿ ಹಾಕಿದ್ದಳು. ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿದ. ನಾನು ಹೋಗಿ ಹೇಳುತ್ತೇನೆ ಎಂದು ಎದ್ದೆ.

"ಕೂತ್ಕೊಳ್ಲಾ. ನಾನೇ ಯೋಳ್ಬೇಕು. ಏನವಸ್ರ?" ಎಂದು ನನ್ನ ಕೈ ಹಿಡಿದು ಕೂರಿಸಿ, ಗೋಡೆಗೆ ಒರಗಿಕೊಂಡು, ಮಿಕ್ಸಿ ನಿಲ್ಲಲೆಂದು ಕಾಯುತ್ತ ಕೂತ.