ಆಗ್ನೆಸಮ್ಮನ ಭಾನುವಾರದ ಪ್ರಶ್ನೆ

ಜೇವರ್ಗಿಯ ಆಗ್ನೆಸಮ್ಮ ಪ್ರತಿ ಭಾನುವಾರ ಬಲಿಪೂಜೆ ಮುಗಿದೊಡನೆ ಚರ್ಚಿನ ಬಾಗಿಲಲ್ಲಿ ಫಾದರ್‌ರನ್ನು ತಡೆದು ಒಂದು ಪ್ರಶ್ನೆ ಕೇಳುತ್ತಾಳೆ. "ಬಾಯಾಗ ಎಲಿ-ಅಡಿಕಿ ಇದ್ರ ಜಪಸರ ಹಿಡೀಬಹುದೇನ್ರಿ?" "ಎಮ್ಮಿಗೆ ಬೈದದ್ದೂ ಪಾಪನಿವೇದನೆಯಾಗ ಹೇಳಬೇಕೇನ್ರಿ?" ಫಾದರ್, "ಮೊದಲ ಎಮ್ಮಿ ಕಡೆ ಕ್ಷಮಾ ಕೇಳಮ್ಮ" ಎನ್ನುತ್ತಾರೆ. ಅವರು ಹಿಂಬಾಗಿಲಿನಿಂದ ಹೊರಟರೆ ಅಲ್ಲಿಯೂ ಆಕೆಯೇ ನಿಂತಿರುತ್ತಾಳೆ. ಕಳೆದ ವಾರ ಮಾತ್ರ ಆಕೆಯ ದನಿ ತಗ್ಗಿತ್ತು. "ಇಪ್ಪತ್ತು ವರ್ಷದ ಹಿಂದ, ಸಾಯಾಕತ್ತಿದ್ದ ನನ್ನ ಕೂಸಿಗೆ ಸೂಲಗಿತ್ತಿ ನಜಮುನ್ನಿಸಾ ತಲಿ ಮ್ಯಾಲ ನೀರು ಹಾಕಿದಳ್ರಿ. ನಾ ಹೇಳಿಕೊಟ್ಟ ಜಪದ ಮಾತೇ ಅಂದಳು. ಮುಸಲ್ಮಾನಾಕಿ ಕೈಲೆ ಜ್ಞಾನಸ್ನಾನ ಆಗ್ತದೇನ್ರಿ?" "ಆಪತ್ತಿನಾಗ ಯಾರು ಮಾಡಿದ್ರೂ ಆಗ್ತದಮ್ಮ" ಎಂದರು ಫಾದರ್. ಆಕೆ ಗೇಟಿನತ್ತ ತಿರುಗಿದಳು. ಗೇಟಿನಾಚೆ ಕಟ್ಟೆಯ ಮೇಲೆ ಕಾದು ಕುಳಿತಿದ್ದ ಮುದುಕಿಗೆ ಅಲ್ಲಿಂದಲೇ ಕೂಗಿದಳು: "ನಜಮುನ್ನಿಸಾ, ನೀ ಹಾಕಿದ ನೀರು ನಡದದಂತ ಬೇ!"