ಚೀಲದ ತಳದ ಕೆಸುವಿನ ಎಲೆ

ತರಕಾರಿಗಳಲ್ಲಿ ಕೆಲವನ್ನು ಊರಿಗೆಲ್ಲ ಕಾಣುವಂತೆ ಹಿಡಿದುಕೊಂಡು ಹೋಗಬಹುದು, ಕೆಲವನ್ನು ಮುಚ್ಚಿಕೊಂಡೇ ಹೋಗಬೇಕು. ಮಂಗಳೂರಿನ ಮಾರ್ಕೆಟ್ಟಿಗೆ ಇಷ್ಟು ವರ್ಷ ಹೋಗಿಬಂದು ನಾನು ಕಂಡುಕೊಂಡದ್ದು ಇದು. ಒಳ್ಳೆಯ ಗುಳ್ಳ ಬದನೆಯನ್ನು ಚೀಲದ ಬಾಯಲ್ಲೇ ಇಟ್ಟುಕೊಂಡು ನಡೆದರೆ ಎದುರು ಸಿಕ್ಕಿದವರು ನಿಂತು ಮಾತಾಡಿಸುತ್ತಾರೆ. ದೊಡ್ಡ ಸೌತೆಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದರೂ ಮರ್ಯಾದೆಗೆ ಕುಂದಿಲ್ಲ, ಕರಿಕೋಟಿನ ವಕೀಲರೇ ಹಾಗೆ ಹೋಗುವುದನ್ನು ಕಂಡಿದ್ದೇನೆ. ಆದರೆ ಕೆಸುವಿನ ಎಲೆ ಮಾತ್ರ ಚೀಲದ ತಳಕ್ಕೆ ಹೋಗಬೇಕು. ಅದರ ಮೇಲೆ ತೊಂಡೆಕಾಯಿ, ಅದರ ಮೇಲೆ ಹರಿವೆ ಸೊಪ್ಪು, ಎಲ್ಲದರ ಮೇಲೆ ಅಡ್ಡಲಾಗಿ ನನ್ನ ಕೊಡೆ. ಕೆಸು ನಮ್ಮ ಕಡೆ ನೀರು ಹರಿಯುವ ತೋಡಿನ ಬದಿಯಲ್ಲಿ ತಾನಾಗಿ ಹುಟ್ಟುವ ಗಿಡ. ಅದನ್ನು ದುಡ್ಡು ಕೊಟ್ಟು ತಂದವನನ್ನು ನಮ್ಮ ಬೇಸಾಯದ ಮನೆಗಳಲ್ಲಿ ಬುದ್ಧಿ ನೆಟ್ಟಗಿಲ್ಲದವನೆಂದೇ ತಿಳಿಯುತ್ತಾರೆ. ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವನು. ಮಣ್ಣಗುಡ್ಡದಲ್ಲಿ ನಾವಿರುವ ಬಾಡಿಗೆ ಮನೆಗೆ ತೋಡಿಲ್ಲ, ಏನು ಮಾಡಲಿ.

ಇದು ಸಣ್ಣ ನಾಚಿಕೆ. ಇದರ ಕೆಳಗೆ ಒಂದು ದೊಡ್ಡ ನಾಚಿಕೆಯನ್ನು ನಾನು ಅಡಗಿಸಿಕೊಂಡಿದ್ದೆ. ಆ ಎಲೆಗೆ ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡುವವನೂ ನಾನೇ.

ಬಲ್ಮಠದ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸುವ ಮಾಸ್ತರ. ನನ್ನ ಹೆಂಡತಿ ಕಲ್ಯಾಣಿ ದೇರೆಬೈಲಿನ ತುಂಬಿದ ಮನೆಯವಳು. ಹೊಸದಾಗಿ ಮದುವೆಯಾದವಳು ಮೊದಲ ಆಟಿ ತಿಂಗಳನ್ನು ತವರಿನಲ್ಲಿ ಕಳೆಯಬೇಕೆಂಬುದು ತುಳುನಾಡಿನ ಪದ್ಧತಿ. ಮಳೆ ಜಡಿದು ಹೊಯ್ಯುವ ಕಾಲ, ಅವಳು ತವರಿಗೆ ಹೋದಳು, ನಾನು ಹೋಟೆಲಿನ ಸಾರು ಉಣ್ಣುತ್ತ ಉಳಿದೆ. ಆ ಸಾರಿನ ವಿಷಯ ಈಗ ಬೇಡ. ಒಂದು ಬೆಳಿಗ್ಗೆ ತಡೆಯಲಾರದೆ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಬಸಳೆ ತಂದು ನಾನೇ ಬೇಯಿಸಿದೆ. ಚೆನ್ನಾಗಿರಲಿಲ್ಲ. ಮರುದಿನ ಮತ್ತೆ ತಂದೆ. ಕಲ್ಯಾಣಿ ತಿರುಗಿ ಬರುವಾಗ ನನ್ನ ಕೈ ಒಗ್ಗರಣೆಗೆ ಪಳಗಿಬಿಟ್ಟಿತ್ತು. ಅವಳಾದರೋ ಅಷ್ಟೊಂದು ಹೆಂಗಸರಿರುವ ಮನೆಯಲ್ಲಿ ಕಿರಿಯವಳು. ಒಲೆಯ ಹತ್ತಿರ ಅವಳನ್ನು ಯಾರೂ ಬಿಟ್ಟಿರಲಿಲ್ಲ. ಕೊಟ್ಟಿಗೆ, ಹಾಲು, ಅರೆಯುವ ಕಲ್ಲು, ಇವಿಷ್ಟು ಅವಳ ಪಾಲಿಗೆ ಬಂದಿದ್ದವು. ಹಾಗಾಗಿ ನಮ್ಮೊಳಗೆ ಮಾತಿಲ್ಲದೆ ಒಂದು ಏರ್ಪಾಡಾಯಿತು. ಅನ್ನ ಮಾಡುವುದು, ಅರೆಯುವುದು ಅವಳದು. ಉಳಿದದ್ದು ನನ್ನದು, ಕದ ಮುಚ್ಚಿದ ಮೇಲೆ.

ಗಂಡಸು ಅಡುಗೆ ಮಾಡಿದರೆ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಮದುವೆಯ ಮನೆಯಲ್ಲಿ ಸಾವಿರ ಜನಕ್ಕೆ ಬೇಯಿಸುವ ಭಟ್ಟರಿಗೆ ಶಾಲು ಹೊದಿಸುತ್ತಾರೆ. ಕಡಲಿಗೆ ಹೋಗುವವರು ದೋಣಿಯಲ್ಲೇ ಮೀನು ಬೇಯಿಸಿ ಉಣ್ಣುತ್ತಾರೆ, ಅವರ ಮೀಸೆಗೆ ಯಾವ ಕುಂದೂ ಬಂದಿಲ್ಲ. ಕಡಾಯಿ ದೊಡ್ಡದಿದ್ದರೆ ಅಥವಾ ಕಾಲಡಿಯಲ್ಲಿ ನೀರಿದ್ದರೆ ಗಂಡಸು ಸೌಟು ಹಿಡಿಯಬಹುದು ಎಂದಾಯಿತು. ಇಬ್ಬರಿಗಾಗುವ ಸಣ್ಣ ಬೋಗುಣಿಯ ಎದುರು ಕೂತರೆ ಮಾತ್ರ ಊರು ನಗುತ್ತದೆ. ಈ ನ್ಯಾಯವನ್ನು ಯಾರು ಬರೆದರೋ ಗೊತ್ತಿಲ್ಲ, ನಾನು ಮಾತ್ರ ತಪ್ಪದೆ ಪಾಲಿಸಿದೆ. ಬಾಗಿಲು ತಟ್ಟಿದ ಸದ್ದಾದರೆ ಸೌಟು ಕಲ್ಯಾಣಿಯ ಕೈಗೆ ಕೊಟ್ಟು ಹೊರಗೆ ಓಡುತ್ತಿದ್ದೆ. ಕೈಗೆ ಅಂಟಿದ ಅಕ್ಕಿಹಿಟ್ಟನ್ನು ನೋಡಿದವರು ಸೀಮೆಸುಣ್ಣವೆಂದು ತಿಳಿಯುತ್ತಿದ್ದರು. "ಭಾನುವಾರವೂ ಪಾಠ ಉಂಟಾ ಮಾಸ್ಟ್ರೇ, ಆರೋಗ್ಯ ನೋಡ್ಕೊಳ್ಳಿ" ಎಂದು ಪಕ್ಕದ ಮನೆಯವರು ಕನಿಕರಪಟ್ಟದ್ದೂ ಉಂಟು. ನಾನು ನಿಟ್ಟುಸಿರು ಬಿಟ್ಟು ಆ ಕನಿಕರವನ್ನೂ ಸ್ವೀಕರಿಸಿದೆ.

ಮಾರ್ಕೆಟ್ಟಿನಲ್ಲಿ ಮುಚ್ಚಿಡುವುದು ಇನ್ನೂ ಕಷ್ಟ. ಹಳ್ಳಿಗಳಿಂದ ನಸುಕಿನಲ್ಲೇ ಬುಟ್ಟಿ ಹೊತ್ತು ಬರುವ ಹೆಂಗಸರು ಅಂಗಡಿಗಳ ಹೊರಗೆ ಸಾಲಾಗಿ ಕೂರುತ್ತಾರೆ. ಅವರಲ್ಲಿ ಮುತ್ತಕ್ಕ ನನ್ನ ಖಾಯಂ. ಅವಳ ಕೆಸುವಿನ ಎಲೆಗಳನ್ನು ಒಂದೊಂದಾಗಿ ಮಗುಚಿ, ಬೆನ್ನಿನ ನರ ಮುಟ್ಟಿ, ಬಲಿತದ್ದನ್ನೆಲ್ಲ ಬದಿಗಿಟ್ಟು ನಾನು ಆರಿಸುವುದನ್ನು ಕಂಡು ಅವಳಿಗೆ ಸೋಜಿಗ. ಗಂಡಸರು ಹೀಗೆ ಆರಿಸುವುದಿಲ್ಲ, ಕೊಟ್ಟದ್ದನ್ನು ಕಟ್ಟಿಕೊಂಡು ಹೋಗುತ್ತಾರೆ. "ಎಂತ ಮಾಸ್ಟ್ರೇ, ಇಷ್ಟು ನೋಡ್ತೀರಿ?" ಎಂದಳು. ಒಂದು ಉತ್ತರ ಬೇಕಿತ್ತು, ಬಾಯಿಗೆ ಬಂದದ್ದನ್ನು ಕೊಟ್ಟೆ. "ಸರಿ ಇಲ್ಲದಿದ್ರೆ ಮನೆಯಲ್ಲಿ ಅವಳು ಬಯ್ತಾಳೆ ಮುತ್ತಕ್ಕ."

ಎಷ್ಟು ಸುಲಭದ ಉತ್ತರವೆಂದರೆ, ಆಮೇಲೆ ನಾನು ಅದನ್ನು ಬಿಡಲೇ ಇಲ್ಲ. ತೊಂಡೆಕಾಯಿ ಹಣ್ಣಾಗಿದ್ದರೆ ಅವಳು ಬಯ್ಯುತ್ತಾಳೆ. ಬೆಂಡೆಕಾಯಿಯ ತುದಿ ಮುರಿಯದಿದ್ದರೆ ಅವಳು ಚೀಲವನ್ನೇ ಅಂಗಳಕ್ಕೆ ಎಸೆಯುತ್ತಾಳೆ. ಜೋರು ದನಿಯಲ್ಲಿ ಒಂದು ಮಾತು ಆಡಿ ಗೊತ್ತಿಲ್ಲದ ಕಲ್ಯಾಣಿ ಹೀಗೆ ಆ ಸಾಲಿನ ಹೆಂಗಸರಿಗೆಲ್ಲ ದೊಡ್ಡ ಬಜಾರಿಯಾದಳು.

ಕಲ್ಯಾಣಿಯ ಸೋದರಮಾವ ಕಾಂತಣ್ಣ ದೇರೆಬೈಲಿನ ಮನೆಯ ಯಜಮಾನರು. ನಮ್ಮ ಜನರಲ್ಲಿ ಮನೆ ನಡೆಯುವುದು ಸೋದರಮಾವನ ಮಾತಿನ ಮೇಲೆ, ಆಸ್ತಿ ಇಳಿಯುವುದು ಹೆಣ್ಣುಮಕ್ಕಳ ಸಾಲಿನಲ್ಲಿ. ಪೇಟೆಯ ಕೆಲಸಕ್ಕೆ ಬಂದರೆ ಅವರ ಊಟ ನಮ್ಮಲ್ಲಿ. ಪತ್ರೊಡೆಯೆಂದರೆ ಅವರಿಗೆ ಪ್ರಾಣ. ಬಾಳೆಲೆಯ ಮುಂದೆ ಅವರು, ಪಕ್ಕದಲ್ಲಿ ನಾನು, ಬಡಿಸಲು ಕಲ್ಯಾಣಿ. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ, "ಮಗಾ, ಇದು ನನ್ನ ಅಮ್ಮನ ಕೈ" ಎಂದು ಸೊಸೆಗೆ ಹೇಳುತ್ತಿದ್ದರು. ಕಲ್ಯಾಣಿ ತಲೆ ತಗ್ಗಿಸುತ್ತಿದ್ದಳು. ವಿನಯವೆಂದು ಮಾವ ಮೆಚ್ಚುತ್ತಿದ್ದರು. ನನ್ನ ಸ್ಥಿತಿಯನ್ನು ಹೇಳಿಕೊಳ್ಳಲು ಈಗಲೂ ಸಂಕೋಚವಾಗುತ್ತದೆ. ಹೊಗಳಿಕೆ ತಪ್ಪು ವಿಳಾಸಕ್ಕೆ ಹೋಗುತ್ತಿದೆಯಲ್ಲ ಎಂದು ಹೊಟ್ಟೆಯುರಿ, ಸರಿಯಾದ ವಿಳಾಸಕ್ಕೆ ಬಂದರೆ ಏನು ಗತಿ ಎಂಬ ಭಯ. ಎರಡನ್ನೂ ಪತ್ರೊಡೆಯೊಂದಿಗೆ ನುಂಗುತ್ತಿದ್ದೆ.

ಹೋದ ಆಟಿಯಲ್ಲಿ ಮಾವ ಕೈತೊಳೆದು ಬಂದು ಒಂದು ತೀರ್ಮಾನ ಹೇಳಿದರು. ಅವರ ಅಮ್ಮನದೊಂದು ತಾಮ್ರದ ತೊಂದೂರು ದೇರೆಬೈಲಿನ ಅಟ್ಟದಲ್ಲಿತ್ತು. ತೊಂದೂರೆಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆ. ಅದು ಮನೆಯ ಹೆಣ್ಣುಮಕ್ಕಳಲ್ಲಿ ಅಮ್ಮನ ಕೈ ಯಾರಿಗೆ ಬರುತ್ತದೋ ಅವಳಿಗೆ ಸಲ್ಲಬೇಕೆಂದು ಮುದುಕಿ ಹೇಳಿ ಕಣ್ಣು ಮುಚ್ಚಿದ್ದರಂತೆ. "ಮುಂದಿನ ಆದಿತ್ಯವಾರ ಬಾ ಮಗಾ. ಎಲ್ಲರ ಎದುರು ಪತ್ರೊಡೆ ಮಾಡು. ಅದರಲ್ಲೇ ಮಾಡಿ, ಅದನ್ನೇ ತೆಗೆದುಕೊಂಡು ಹೋಗು."

ಕಲ್ಯಾಣಿಯ ಮುಖ ನೋಡಿದೆ. ಆ ತೊಂದೂರಿನ ಹೆಸರು ಕೇಳಿ ಅವಳ ಕಣ್ಣು ಅರಳಿದ್ದನ್ನೂ, ಕೂಡಲೇ ಆರಿದ್ದನ್ನೂ ಕಂಡೆ. ಅಜ್ಜಿ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು ಎಂದು ಆಮೇಲೆ ಹೇಳಿದಳು. ಅವಳಿಗೆ ಅದು ಬೇಕಿತ್ತು. ಪತ್ರೊಡೆ ಮಾಡಲು ಬರುತ್ತಿರಲಿಲ್ಲ.

ನಾನು ಕಲಿಸಲು ಹೊರಟೆ. ತರಗತಿಯಲ್ಲಿ ನಾನು ತಾಳ್ಮೆಯವನೆಂದು ಹೆಸರಿದೆ, ಅಡುಗೆಮನೆಯಲ್ಲಿ ಅದು ಇರಲಿಲ್ಲ. ಅವಳು ಸುತ್ತಿದ ಎಲೆ ಬಿಚ್ಚಿಕೊಂಡಿತು, ನಾನು ಸಿಡುಕಿದೆ, ಅವಳು ಕೈತೊಳೆದು ಎದ್ದಳು. "ಎಲೆ ಆರಿಸುವುದರಿಂದ ಸುರು ಮಾಡ್ತೇನೆ, ನನ್ನನ್ನು ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿ" ಎಂದಳು. ಬೇಡವೆನ್ನಲು ನನ್ನಲ್ಲಿ ಹೇಳಿಕೊಳ್ಳಬಹುದಾದ ಕಾರಣ ಒಂದೂ ಇರಲಿಲ್ಲ.

ಮುತ್ತಕ್ಕ ದೂರದಿಂದಲೇ ನಮ್ಮಿಬ್ಬರನ್ನು ಕಂಡು ಎದ್ದು ನಿಂತಳು. ಪಕ್ಕದವಳು ಬಾಡಿದ ಹರಿವೆಯನ್ನು ಬೆನ್ನ ಹಿಂದೆ ಸರಿಸಿದಳು. "ಬನ್ನಿ ಅಮ್ಮಾ, ಇವತ್ತು ಎಲ್ಲ ಎಳೆಯದೇ ಉಂಟು. ಮೊನ್ನೆ ಒಂದೆರಡು ಬಲಿತ ಎಲೆ ಹೋಗಿರ್ಬೇಕು, ಅದಕ್ಕೆ ಮಾಸ್ಟ್ರಿಗೆ ಬೈಬೇಡಿ. ಪಾಪ, ಅವರು ಎಷ್ಟು ಹೆದರ್ತಾರೆ" ಎಂದಳು.

ಕಲ್ಯಾಣಿ ನನ್ನತ್ತ ತಿರುಗಿ ನೋಡಿದಳು. ನಾನು ಒಂದು ಕುಂಬಳಕಾಯಿಯನ್ನು ಎತ್ತಿ ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದೆ. ಮನೆಯವರೆಗೂ ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನು ಮುತ್ತಕ್ಕನಿಗೆ ಹೇಳಿದ್ದು ಸುಳ್ಳಾಗದೆ ಉಳಿಯುತ್ತಿತ್ತು, ಅಷ್ಟು ಉಪಕಾರವನ್ನೂ ಅವಳು ಮಾಡಲಿಲ್ಲ.

ಆದಿತ್ಯವಾರಕ್ಕೆ ನನ್ನದೇ ಒಂದು ಉಪಾಯ ಮಾಡಿದೆ. ಹುಳಿ, ಬೆಲ್ಲ, ಖಾರ ಹದವಾಗಿ ಕೂಡಿಸಿದ ಹಿಟ್ಟನ್ನು ಮನೆಯಲ್ಲೇ ಸಿದ್ಧಪಡಿಸಿ, ಬಾಯಿ ಕಟ್ಟಿದ ಒಂದು ಮಡಕೆಯಲ್ಲಿ ತುಂಬಿ, ಚೀಲದ ತಳದಲ್ಲಿಟ್ಟು ಮೇಲೆ ತೊಂಡೆಕಾಯಿ ಸುರಿದೆ. ಅಲ್ಲಿ ಅರೆದ ಹಿಟ್ಟಿನ ಜಾಗಕ್ಕೆ ಇದನ್ನು ಸೇರಿಸಿಬಿಟ್ಟರೆ ರುಚಿ ನಮ್ಮದು. ಸುತ್ತಿದ್ದು ಬಿಚ್ಚಿಕೊಂಡರೆ ಪಾತ್ರೆ ಅವಳ ಕೈಗೆ ಹೊಸದೆನ್ನಬಹುದು. "ಹೇಗೆ?" ಎಂದೆ. ಕಲ್ಯಾಣಿ ಚೀಲ ಎತ್ತಿ ಭಾರ ನೋಡಿದಳು, ಅಷ್ಟೆ. ಒಪ್ಪಿಗೆಯೆಂದು ತಿಳಿದೆ. ತರಕಾರಿ ಬೆಳೆಯುವವರ ಮನೆಗೆ ಪೇಟೆಯಿಂದ ತೊಂಡೆಕಾಯಿ ಹೊತ್ತುಕೊಂಡು ಹೋಗುತ್ತಿದ್ದೇನೆ ಎಂಬುದು ದಾರಿಯಲ್ಲಿ ಹೊಳೆಯಿತು. ಆಗ ತಡವಾಗಿತ್ತು.

ದೇರೆಬೈಲಿನ ಮನೆಯ ಎದುರಿನ ಚಾವಡಿಯಲ್ಲಿ ತೊಂದೂರು ಹುಣಸೆಹುಳಿಯಲ್ಲಿ ಉಜ್ಜಿಸಿಕೊಂಡು ಫಳಫಳ ಹೊಳೆಯುತ್ತ ಕೂತಿತ್ತು. ಮಾವ, ಅವರ ತಮ್ಮಂದಿರು, ನಾನು ಎಲೆಯಡಿಕೆಯ ತಟ್ಟೆಯ ಸುತ್ತ ಕೂತಿದ್ದೆವು. ಒಳಗಿನಿಂದ ಕಲ್ಯಾಣಿ ಬಂದಳು. ಕೈಯಲ್ಲಿ ಆ ಮಡಕೆ. ಅದನ್ನು ತೊಂದೂರಿನ ಪಕ್ಕದಲ್ಲಿ ಎಲ್ಲರೂ ನೋಡುವಂತೆ ಇಟ್ಟಳು.

"ಮಾವ, ಪತ್ರೊಡೆ ಮಾಡ್ಲಿಕ್ಕೆ ನನಗೆ ಬರುವುದಿಲ್ಲ. ನಾನು ಅರೆದುಕೊಡುವವಳು ಮಾತ್ರ. ನೀವು ತಿಂದದ್ದೆಲ್ಲ ಇವರು ಮಾಡಿದ್ದು."

ಹೆಂಗಸರು ಬಾಗಿಲ ಹಿಂದೆ ಬಂದು ನಿಂತರು. ಮಾವ ನನ್ನನ್ನು ನೋಡಿದರು. "ಹೌದಾ ಮಾಸ್ಟ್ರೇ?"

ಅವಳು ತಮಾಷೆ ಮಾಡುತ್ತಿದ್ದಾಳೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಕಲ್ಯಾಣಿ ತಲೆ ತಗ್ಗಿಸದೆ ನಿಂತಿದ್ದಳು. ಆ ಮನೆಯಲ್ಲಿ ಅವಳು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. "ಹೌದು" ಎಂದೆ.

"ಹಾಗಾದ್ರೆ ಒಳಗೆ ಹೋಗಿ. ಹಸಿವಾಗ್ತಾ ಉಂಟು."

ಚಾವಡಿಯಿಂದ ಅಡುಗೆಮನೆಗೆ ಅಷ್ಟೇನೂ ದೂರವಿಲ್ಲ. ಆದರೂ ಅಷ್ಟು ಉದ್ದದ ದಾರಿಯನ್ನು ನಾನು ಎಂದೂ ನಡೆದಿಲ್ಲ. ಹೆಂಗಸರು ಗೋಡೆಗೆ ಸರಿದು ಜಾಗ ಬಿಟ್ಟರು. ಒಬ್ಬರಾದರೂ ನಕ್ಕಿದ್ದರೆ ಹಗುರವಾಗುತ್ತಿತ್ತು, ಯಾರೂ ನಗಲಿಲ್ಲ. ಮುಂಡು ಎತ್ತಿಕಟ್ಟಿ ಮಣೆಯ ಮೇಲೆ ಕೂತೆ. ತೋಡಿನ ಬದಿಯಿಂದ ಆಗಷ್ಟೇ ಕೊಯ್ದು ತಂದ ಎಲೆಗಳು, ಮುತ್ತಕ್ಕನ ಎಲೆಗಿಂತ ಎರಡು ಪಟ್ಟು ಅಗಲ, ನೀರಿನ ಹನಿ ಇನ್ನೂ ಉರುಳುತ್ತಿತ್ತು. ಕಲ್ಯಾಣಿ ಎದುರು ಕೂತು ಒಂದೊಂದೇ ಎಲೆಯ ನರ ಸವರಿ ಕೊಟ್ಟಳು, ನಾನು ಹಿಟ್ಟು ಹಚ್ಚಿದೆ. ಕಿವಿಗಳು ಕೆಂಡವಾಗಿದ್ದವು. ಒಲೆಯ ಬಿಸಿಯೆಂದುಕೊಳ್ಳಲು ಒಲೆ ಇನ್ನೂ ಹೊತ್ತಿರಲಿಲ್ಲ.

ಮಾವ ಉಂಡರು. ಎರಡನೆಯ ಸಲ ಬಡಿಸಿಕೊಂಡರು. ಕಣ್ಣು ಮುಚ್ಚಲಿಲ್ಲ, ಅಮ್ಮನ ಹೆಸರು ತೆಗೆಯಲಿಲ್ಲ. ಏಳುವ ಮೊದಲು ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ ಕೇಳಿದರು.

"ನಾನು ಅವಳನ್ನು ಹೊಗಳುವಾಗೆಲ್ಲ ನೀವು ಹೀಗೇ ಪಕ್ಕದಲ್ಲಿ ಕೂತಿದ್ದಿರಲ್ಲ. ನಾಚಿಕೆ ಆಗ್ಲಿಲ್ವಾ ಮಾರಾಯ್ರೆ?"

"ಆಗ್ತಿತ್ತು" ಎಂದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಸೌಟು ಹಿಡಿದದ್ದಕ್ಕೆ ಎಂದು ಹೇಳಬೇಕಾಗುತ್ತಿತ್ತು. ಹೆಂಡತಿಯ ತಲೆ ತಗ್ಗಿದ್ದು ಯಾಕೆಂದು ಗೊತ್ತಿದ್ದೂ ಪಕ್ಕದಲ್ಲಿ ಕೂತು ಮೆಲ್ಲುತ್ತಿದ್ದೆನಲ್ಲ, ಅದಕ್ಕೆ ನನಗೆ ಒಂದು ದಿನವೂ ನಾಚಿಕೆಯಾಗಿರಲಿಲ್ಲ. ಆ ಬಾಳೆಲೆಯ ಮುಂದೆ ಮೊದಲ ಸಲ ಆಯಿತು, ಇಷ್ಟು ದಿನದ್ದೂ ಒಟ್ಟಿಗೆ ಆಯಿತು.

ತೊಂದೂರು ಕಲ್ಯಾಣಿಗೆ ಸಿಗಲಿಲ್ಲ. ಅವಳ ದೊಡ್ಡಮ್ಮನ ಮಗಳು ಗಿರಿಜಕ್ಕನ ಪಾಲಾಯಿತು. ಗಂಡಸಿಗೆ ಕೊಡುವಂತಿಲ್ಲ, ಅದು ಹೆಣ್ಣುಮಕ್ಕಳ ಸಾಲಿನದು. ಕಲ್ಯಾಣಿಗೂ ಕೊಡುವಂತಿಲ್ಲ, ತನಗೆ ಬರುವುದಿಲ್ಲವೆಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ನಾವು ಖಾಲಿ ಚೀಲ ಹಿಡಿದು ಗದ್ದೆಯ ಅಂಚಿನ ಹುಣಿಯ ಮೇಲೆ ಮನೆಯತ್ತ ನಡೆದೆವು. ಸ್ವಲ್ಪ ದೂರ ಹೋದ ಮೇಲೆ, "ಒಂದು ದಿನದ ಮಟ್ಟಿಗೆ ಸುಮ್ಮನಿದ್ದಿದ್ದರೆ ಅಜ್ಜಿಯ ಪಾತ್ರೆ ನಿನ್ನದಾಗುತ್ತಿತ್ತು" ಎಂದೆ. ನನ್ನ ದನಿ ನನಗೇ ಹಿತವಾಗಲಿಲ್ಲ.

"ನಿಮ್ಮ ಪಾಲಿನ ಹೊಗಳಿಕೆ ನುಂಗಿ ನುಂಗಿ ನನಗೆ ಸಾಕಾಗಿದೆ. ಹುಳಿ ಹಾಕದ ಕೆಸುವಿನ ಹಾಗೆ, ಗಂಟಲು ತುರಿಸ್ತದೆ" ಎಂದಳು. ಮತ್ತೆ, "ನಾನು ಬೈಯದ ಬೈಗಳದ್ದೂ ಹಾಗೇ. ಮಾರ್ಕೆಟ್ಟಿನದ್ದು ನೀವೇ ಸರಿ ಮಾಡಿ" ಎಂದಳು.

ಮರುದಿನವೇ ಹೋದೆ. ಆರಿಸುವವನೂ ನಾನೇ, ಬೇಯಿಸುವವನೂ ನಾನೇ, ಅವಳು ಇಂದಿನವರೆಗೆ ಯಾರಿಗೂ ಬೈದವಳಲ್ಲ ಎಂದು ಮುತ್ತಕ್ಕನಿಗೆ ಹೇಳಿದೆ. ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಅವಳು ಸಾಲಿಗೆಲ್ಲ ಕೇಳುವಂತೆ ಸಾರಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಅಮ್ಮನಿಗೆ ಹೆದರಿ ನಾನು ಒಳ್ಳೆಯದೇ ತೆಗೆದಿಡ್ತಿದ್ದೆ. ಇನ್ನು ನಿಮಗೆ ಬಾಡಿದ್ದು ಕೊಟ್ಟರೂ ನಡೀತದೆ" ಎಂದಳು. ಕೊಟ್ಟಳು ಕೂಡ.

ಈಗ ಪತ್ರೊಡೆ ಬೇಯುವುದು ನಮ್ಮ ಹಳೆಯ ಪಾತ್ರೆಯಲ್ಲೇ. ಅದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಮೇಲೊಂದು ಕಲ್ಲು ಹೇರಬೇಕು. ಆ ಕಲ್ಲು ಎತ್ತಿಡುವಾಗೆಲ್ಲ ತಾಮ್ರದ ತೊಂದೂರು ಕಣ್ಣಮುಂದೆ ಬರುತ್ತದೆ, ಕಲ್ಯಾಣಿಯ ಕಣ್ಣಮುಂದೆಯೂ ಬರುತ್ತಿರಬೇಕು. ಕೆಸುವಿನ ಎಲೆಯನ್ನು ಮಾತ್ರ ನಾನೀಗ ಚೀಲದ ಮೇಲೆಯೇ ಇಟ್ಟುಕೊಂಡು ಬರುತ್ತೇನೆ, ಆನೆಯ ಕಿವಿಯ ಹಾಗೆ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ದಾರಿಯಲ್ಲಿ ಸಿಕ್ಕಿದವರು ನಿಂತು ನೋಡುತ್ತಾರೆ. "ಎಂತ ಮಾಸ್ಟ್ರೇ, ದುಡ್ಡು ಕೊಟ್ಟು ಕೆಸುವಾ? ಇವತ್ತು ಮನೆಯಲ್ಲಿ ಪತ್ರೊಡೆ ಮಾಡ್ತಾರಾ?" ಎಂದು ಕೇಳುತ್ತಾರೆ. "ನಾನೇ ಮಾಡುವುದು" ಎನ್ನುತ್ತೇನೆ. ಕಿವಿ ಈಗಲೂ ಬಿಸಿಯಾಗುತ್ತದೆ. ಗಂಟಲು ಮಾತ್ರ ತುರಿಸುವುದಿಲ್ಲ.